ಪಾತ್ರೆ ತೊಳೆದ ಮೇಲೆ ಗಡೀಪಾರು

ಕೇಂದ್ರ ಗೃಹ ಸಚಿವಾಲಯದ ಘನ ಅವಗಾಹನೆಗೆ ಗುರುಗ್ರಾಮ ನಿವಾಸಿಯ ಒಂದು ವಿನಮ್ರ ಸಲಹೆ: ನುಸುಳುಕೋರರನ್ನು ಹಿಡಿಯುವುದಿದ್ದರೆ ದಯವಿಟ್ಟು ಬೆಳಿಗ್ಗೆ ಹನ್ನೊಂದರ ಮೇಲೆ ಹಿಡಿಯಿರಿ. ಅಷ್ಟೊತ್ತಿಗೆ ನಮ್ಮ ಸೊಸೈಟಿಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ, ಕಸ ಒಯ್ದು, ಕಾರು ತೊಳೆದಾಗಿರುತ್ತದೆ. ಸಂಜೆ ನಾಲ್ಕಕ್ಕೆ ಬಿಟ್ಟುಬಿಡಿ, ರಾತ್ರಿ ಅಡುಗೆ ಆಗಬೇಕಲ್ಲ. ದೇಶದ ಭದ್ರತೆಯೂ ಉಳಿಯಿತು, ರೊಟ್ಟಿಯೂ ಬೆಂದಿತು.

ನಾನು ಸಂಪ್ರದಾಯವಾದಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೇಶವೆಂದ ಮೇಲೆ ಗಡಿ ಬೇಕು, ಯಾರು ಒಳಗೆ ಬರಬೇಕೆಂದು ತೀರ್ಮಾನಿಸುವ ಹಕ್ಕು ಸರ್ಕಾರಕ್ಕೆ ಬೇಕು, ಇದರಲ್ಲಿ ತಮಾಷೆಯಿಲ್ಲ. 2025ರ ಮಾರ್ಚಿನಲ್ಲಿ ಅಮಿತ್ ಶಾ ಅವರು ಲೋಕಸಭೆಯಲ್ಲಿ ಭಾರತ ಧರ್ಮಶಾಲೆಯಲ್ಲ ಎಂದಾಗ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ನಾನೂ ಚಪ್ಪಾಳೆ ಒತ್ತಿದವನೇ. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂತು. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಹಳೆಯ ಕಾಯ್ದೆಗಳು ಗುಜರಿಗೆ ಹೋದವು. ಪಾಸ್‌ಪೋರ್ಟ್ ಇಲ್ಲದೆ ನುಗ್ಗಿದವನಿಗೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ತಾನು ವಿದೇಶಿಯಲ್ಲವೆಂದು ಸಾಬೀತು ಮಾಡುವ ಹೊಣೆ ಸಿಕ್ಕಿಬಿದ್ದವನದೇ ಎಂಬ ನಿಯಮ ಮಾತ್ರ ಬ್ರಿಟಿಷರ ಕಾಲದಲ್ಲಿದ್ದ ಹಾಗೆಯೇ ಉಳಿದುಕೊಂಡಿತು. ಗುಲಾಮಗಿರಿಯ ಕುರುಹುಗಳನ್ನೆಲ್ಲ ಅಳಿಸುವ ಭರದಲ್ಲೂ ಇಂಥದ್ದನ್ನು ಜೋಪಾನವಾಗಿ ಎತ್ತಿಡುವುದಕ್ಕೇ ಸಂಪ್ರದಾಯ ಅನ್ನುವುದು.

ಹನ್ನೊಂದು ಗಂಟೆಯ ಸಲಹೆ ಹುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ. ಅನುಮಾನ ಬಂದವರ ದಾಖಲೆಯನ್ನು 30 ದಿನದೊಳಗೆ ಪರಿಶೀಲಿಸಿ ಎಂದು ಕೇಂದ್ರ ಮೇ ತಿಂಗಳಲ್ಲೇ ರಾಜ್ಯಗಳಿಗೆ ಬರೆದಿತ್ತು. ಗುರುಗ್ರಾಮದ ಪೊಲೀಸರು ಬಂಗಾಳಿ ಮಾತಾಡುವವರನ್ನು ಹುಡುಕಿ ಬಾದಶಾಹಪುರ, ಸೆಕ್ಟರ್ 10ಎ ಮುಂತಾದ ಕಡೆಯ ಸಮುದಾಯ ಭವನಗಳಲ್ಲಿ ಕೂಡಿಹಾಕಿದರು. ಮದುವೆ ಊಟ ಬಡಿಸುವ ಹಾಲ್‌ಗಳಿಗೆ ‘ಹೋಲ್ಡಿಂಗ್ ಸೆಂಟರ್’ ಎಂಬ ಬಡ್ತಿ ಸಿಕ್ಕಿತು. ಸುಮಾರು 250 ಜನರನ್ನು ತಂದು, ಅವರಲ್ಲಿ 10 ಮಂದಿ ಬಾಂಗ್ಲಾದೇಶದವರೆಂದು ಗುರುತಿಸಿ, ಮಿಕ್ಕವರನ್ನು ಬಿಟ್ಟೆವೆಂದು ಪೊಲೀಸರೇ ಹೇಳಿದರು. ಅಕ್ರಮ ಬಾಂಗ್ಲಾದೇಶಿಗಳು ಎಷ್ಟೆಂದು ಸಂಸತ್ತಿನಲ್ಲಿ ಕೊಟ್ಟ ಲೆಕ್ಕ ನೋಡಿದರೆ 2004ರಲ್ಲಿ ಕಾಂಗ್ರೆಸ್ ಮಂತ್ರಿಯೊಬ್ಬರು 1.2 ಕೋಟಿ ಎಂದು ಹೇಳಿ ಆಮೇಲೆ ನುಂಗಿಕೊಂಡಿದ್ದರು, 2016ರಲ್ಲಿ ಬಿಜೆಪಿ ಮಂತ್ರಿ ಕಿರಣ್ ರಿಜಿಜು 2 ಕೋಟಿ ಎಂದಿದ್ದರು. ಕೋಟಿಯ ಲೆಕ್ಕ ಹಿಡಿದು ಹೊರಟವರಿಗೆ ಸಿಕ್ಕಿದ್ದು ಹತ್ತು!

ಆದರೆ ಬಿಟ್ಟವರೂ ನಿಲ್ಲಲಿಲ್ಲ, ಹಿಡಿಯದವರೂ ನಿಲ್ಲಲಿಲ್ಲ. ಮಾಲ್ದಾ, ಕೂಚ್‌ಬಿಹಾರ್, ದಿನಾಜ್‌ಪುರದ ಬಸ್ಸು ರೈಲು ಹಿಡಿದು ಹೊರಟೇಹೋದರು. ಆಗ ನಮ್ಮ ವಾಟ್ಸ್ಯಾಪ್ ಗುಂಪಿನ ಕಳೆಯೇ ಬದಲಾಯಿತು. ಸೋಮವಾರ ‘ಎಲ್ಲರನ್ನೂ ಓಡಿಸಿ’ ಎಂದಿದ್ದ ಫ್ಲ್ಯಾಟಿನಿಂದಲೇ ಗುರುವಾರ ‘ಯಾರಾದರೂ ಮೇಡ್ ಇದ್ದರೆ ತಿಳಿಸಿ, ತುರ್ತು’ ಎಂಬ ಸಂದೇಶ. ಕಸ ಗೇಟಿನಾಚೆ ದಾಟದೆ ಬಿದ್ದಿತ್ತು. ನಮ್ಮ ನಗರದಲ್ಲಿ ಕಸ ಎತ್ತುವವರು ಪಾಲಿಕೆಯವರೆಂದು ನಂಬಿದ್ದವರಿಗೆ ಅಂದು ಜ್ಞಾನೋದಯ.

ಇನ್ನು ನುಸುಳುಕೋರರನ್ನು ಗುರುತಿಸುವ ವಿಧಾನ. ದೆಹಲಿಯ ಲೋಧಿ ಕಾಲೊನಿ ಠಾಣೆಯಿಂದ ಪಶ್ಚಿಮ ಬಂಗಾಳ ಸರ್ಕಾರದ ಬಂಗ ಭವನಕ್ಕೆ ಹೋದ ಪತ್ರವೊಂದು ಆಗಸ್ಟ್‌ನಲ್ಲಿ ಬಯಲಾಯಿತು: ‘ಬಾಂಗ್ಲಾದೇಶಿ ಭಾಷೆ’ ಬಲ್ಲ ಅನುವಾದಕರು ಬೇಕಂತೆ. ಮಮತಾ ಬ್ಯಾನರ್ಜಿ ಕೆಂಡವಾದರು. ಬಿಜೆಪಿಯ ಅಮಿತ್ ಮಾಳವೀಯ ಪೊಲೀಸರು ಬರೆದದ್ದೇ ಸರಿ ಎಂದರು. ನಾಲಿಗೆ ನೋಡಿ ದೇಶ ಹೇಳುವ ಈ ವಿದ್ಯೆ ಬಂಗಾಳಿಗಳಿಗಷ್ಟೇ ಏಕೆ ಮೀಸಲಾಗಬೇಕು? ನಾಳೆ ಕರ್ನಾಟಕ ಭವನಕ್ಕೂ ಪತ್ರ ಬರಲಿ. ಕುಂದಾಪುರದವನ ‘ಎಂತ ಮಾರಾಯ್ರೆ’ ಮತ್ತು ಧಾರವಾಡದವನ ‘ಏನ್ ಮಾಡಾಕತ್ತೀರಿ’ ಒಂದೇ ದೇಶದ ಮಾತೆಂದು ಲೋಧಿ ಕಾಲೊನಿಯ ದರೋಗಾ ಸಾಹೇಬರನ್ನು ನಂಬಿಸಲು ಯಾವ ಸಾಹಿತ್ಯ ಪರಿಷತ್ತಿಗೆ ಸಾಧ್ಯ? ವಿಂಧ್ಯದ ಕೆಳಗಿನವರೆಲ್ಲ ಅವರಿಗೆ ಮದ್ರಾಸಿಗಳೇ. ಜಂಗ್‌ಪುರದ ಮದ್ರಾಸಿ ಕ್ಯಾಂಪನ್ನು 2025ರ ಜೂನ್ 1ರಂದು ಹೈಕೋರ್ಟ್ ಆದೇಶದ ಮೇರೆಗೆ ನೆಲಸಮ ಮಾಡಿದರಲ್ಲ, ಅಲ್ಲಿದ್ದ ತಮಿಳರು ನುಸುಳುಕೋರರೇನಲ್ಲ. ನಾಲೆಯ ಪಕ್ಕ ಮನೆ ಕಟ್ಟಿಕೊಂಡವರು. ಆದರೆ ಜೆಸಿಬಿ ಬಂದು ನಿಂತಾಗ ಎರಡಕ್ಕೂ ಇರುವ ವ್ಯತ್ಯಾಸವನ್ನು ಯಾರು ವಿವರಿಸುತ್ತ ಕೂರುತ್ತಾರೆ?

ಕನ್ನಡಿಗರು ಇದನ್ನೆಲ್ಲ ದೂರದ ಸುದ್ದಿಯೆಂದು ಓದಬೇಕಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳಿದ್ದಾರೆಂದು ಗುಡಿಸಲು ಕೆಡವಿದರು. ದೂಳು ಇಳಿದ ಮೇಲೆ ನೋಡಿದರೆ ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಛೀಮಾರಿ ಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮಗೆ ಗೊತ್ತಿತ್ತು. ಇಲ್ಲಿ ಎತ್ತು ಕೊಟ್ಟಿಗೆಯಲ್ಲಿತ್ತೋ ಇಲ್ಲವೋ ಅದನ್ನೇ ಯಾರೂ ನೋಡಿರಲಿಲ್ಲ.

ಅತ್ಯುತ್ತಮ ಪ್ರಸಂಗವೆಂದರೆ ದೆಹಲಿಯಲ್ಲಿ ಹಿಡಿದು 2025ರ ಜೂನ್‌ನಲ್ಲಿ ಗಡಿಯಾಚೆ ತಳ್ಳಿದ, ಪಶ್ಚಿಮ ಬಂಗಾಳದ ಗರ್ಭಿಣಿಯದು. ವಿಚಾರಣೆಗೆ 30 ದಿನವೆಂದು ಸಚಿವಾಲಯವೇ ಬರೆದಿದ್ದರೂ ಎರಡೇ ದಿನದಲ್ಲಿ ಕೆಲಸ ಮುಗಿದಿತ್ತು. ಸರ್ಕಾರಿ ಕೆಲಸ ಇಷ್ಟು ಬೇಗ ಆದದ್ದನ್ನು ನಾನಂತೂ ಕಂಡಿಲ್ಲ. ನನ್ನ ಆಧಾರ್ ವಿಳಾಸ ಬದಲಿಸುವ ಅರ್ಜಿಯನ್ನೂ ಇದೇ ವಿಭಾಗಕ್ಕೆ ಕಳಿಸಬೇಕೆಂದುಕೊಂಡಿದ್ದೇನೆ. ಆಚೆ ಏನಾಯಿತು? ಅಕ್ರಮವಾಗಿ ನುಸುಳಿದ ಭಾರತೀಯಳೆಂದು ಬಾಂಗ್ಲಾದೇಶ ಆಕೆಯನ್ನು ಜೈಲಿಗೆ ಹಾಕಿತು. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ನಾವಿಲ್ಲಿ ಸಾರುತ್ತಿರುವಾಗ, ಅಲ್ಲಿನ ನ್ಯಾಯಾಲಯ ಆಧಾರ್ ವಿಳಾಸವನ್ನೇ ನೋಡಿ ಇವರು ಭಾರತೀಯರು ಎಂದಿತು. ನಮ್ಮ ಕಾರ್ಡನ್ನು ನಂಬುವ ಸರ್ಕಾರ ಎಲ್ಲೋ ಒಂದಿದೆ ಎನ್ನುವುದು ಸಮಾಧಾನದ ಸಂಗತಿ. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಗಡೀಪಾರನ್ನು ರದ್ದು ಮಾಡಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ‘ಮಾನವೀಯತೆ’ಯ ಮೇಲೆ ಒಪ್ಪಿ, ಡಿಸೆಂಬರ್‌ನಲ್ಲಿ ಆಕೆಯನ್ನೂ ಆಕೆಯ ಜೊತೆಗೇ ತಳ್ಳಿದ್ದ ಮಗನನ್ನೂ ವಾಪಸು ಕರೆಸಿತು. ಪೌರತ್ವದ ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಗಡೀಪಾರು ನಮ್ಮವರಿಗೂ ಆದದ್ದುಂಟು. ಅದೇ ವರ್ಷದ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕೋಳ ತೊಡಿಸಿ ಅಮೃತಸರಕ್ಕೆ ತಂದಿಳಿಸಿತಲ್ಲ, ಅವರಲ್ಲಿ 33 ಮಂದಿ ನಮ್ಮ ಹರಿಯಾಣದವರು. ‘ಡಂಕಿ’ ಎನ್ನುವ ಕಳ್ಳದಾರಿಯಲ್ಲಿ ಹೋದವರು. ಅವರ ಕಾಲಿನ ಸರಪಳಿ ನೋಡಿ ನಾವೆಲ್ಲ ಕುದಿದೆವು, ಕುದಿಯಲೇಬೇಕು. ‘ಹೊಟ್ಟೆಪಾಡಿಗೆ ಹೋದ ಹುಡುಗರು ಪಾಪ’ ಎಂದು ಗುಂಪಿನಲ್ಲಿ ಬರೆದವರೇ ಜುಲೈನಲ್ಲಿ ಮೇಡ್ ಹುಡುಕುತ್ತಿದ್ದವರು.

ಇಷ್ಟೆಲ್ಲ ನೋಡಿ ಸೊಸೈಟಿಯ ಸಭೆಗೆ ನನ್ನ ಸಂಪ್ರದಾಯಸ್ಥ ಕರಡೊಂದನ್ನು ಒಯ್ದೆ. ಹನ್ನೊಂದು ಗಂಟೆಯ ಕಲಮಿಗೆ ಮೇಜು ಕುಟ್ಟಿ ಸ್ವಾಗತ. ಹಿಡಿಯುವ ಮೊದಲು ಸರ್ಕಾರ ತನ್ನದೇ ಸುತ್ತೋಲೆಯನ್ನು ಓದಿಕೊಳ್ಳಬೇಕೆಂಬ ಎರಡನೆಯದಕ್ಕೆ ಮೌನಸಮ್ಮತಿ. ಮೂರನೆಯದು ಹೀಗಿತ್ತು: ಹೋಟೆಲು, ಆಸ್ಪತ್ರೆ, ವಿಶ್ವವಿದ್ಯಾಲಯಗಳು ವಿದೇಶಿಯರ ವಿವರ ಕೊಡಬೇಕೆಂದು ಹೊಸ ಕಾಯ್ದೆಯಲ್ಲಿದೆ, ಆ ಸಾಲಿಗೆ ಫ್ಲ್ಯಾಟಿನ ಅಡುಗೆಮನೆಯನ್ನೂ ಹೆಸರು ಹಿಡಿದು ಸೇರಿಸಲಿ. ಯಾವ ಮನೆಗೆ ಯಾರು ಎಷ್ಟೊತ್ತಿಗೆ ಬಂದರು, ಹೋದರು ಎಂಬುದೆಲ್ಲ ನಮ್ಮ ಗೇಟಿನ ಆ್ಯಪಿನಲ್ಲಿ ನಿಮಿಷದ ಸಮೇತ ಇದೆ. ಗಡಿ ಭದ್ರತಾ ಪಡೆಯ ಬಳಿಯೂ ಇಂಥ ಲೆಕ್ಕ ಇರಲಾರದು. ದಾಖಲೆಯಿಲ್ಲದವಳಿಗೆ 5 ವರ್ಷವಾದರೆ, ದಾಖಲೆ ಕೇಳದೆ, ಅದೇ ನೆಪದಲ್ಲಿ ಎರಡು ಸಾವಿರ ಕಡಿಮೆ ಕೊಟ್ಟು ದುಡಿಸಿಕೊಂಡವರಿಗೆ ಎರಡೂವರೆ ವರ್ಷವಾದರೂ ಇರಲಿ.

ಎಸಿಯ ಸದ್ದು ಕೇಳಿಸುವಷ್ಟು ನಿಶ್ಶಬ್ದವಾಯಿತು. ಬಿ ಟವರಿನ ನಿವೃತ್ತ ಕರ್ನಲ್ ಸಾಹೇಬರು ಗಂಟಲು ಸರಿಮಾಡಿಕೊಂಡು, ಇದು ಸೂಕ್ಷ್ಮ ವಿಷಯ, ಆತುರ ಸಲ್ಲ, ಎಲ್ಲ ದಾಖಲೆಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಲು ಸಾಕಷ್ಟು ಅವಕಾಶ ಕೊಡಬೇಕು ಎಂದರು. ಕಲಮನ್ನು ಉಪಸಮಿತಿಗೆ ಒಪ್ಪಿಸಲಾಗಿದೆ. ಅದರ ಮೊದಲ ಸಭೆ ಭಾನುವಾರ ಹತ್ತಕ್ಕೆ. ಚಹಾ ಯಾರು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.