ಸಿಂಥಸೈಸರ್ ಬೆರೆಸಿಲ್ಲ

ಮಗಳ ಮನೆಗೆಂದು ಮೈಸೂರಿನಿಂದ ಬಂದಿಳಿದ ಮಾವನವರು ಮೊದಲ ವಾರವನ್ನು ವಿಮಾನ ಎಣಿಸುತ್ತ ಕಳೆದರು. ಹೀಥ್ರೂ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಫೆಲ್ಥಮ್‌ನಲ್ಲಿ ಅದಕ್ಕೇನೂ ಬರವಿಲ್ಲ. ಎರಡನೇ ವಾರ ಅದೂ ಸಾಕಾಯಿತು. "ಈ ಊರಲ್ಲಿ ನೋಡೋಂಥದ್ದು ಏನೂ ಇಲ್ವೇನ್ರೀ ಅಳಿಯಂದ್ರೇ?" ಎಂದರು. ಕ್ವೀನ್ ವಾದ್ಯವೃಂದದ ಭಕ್ತನಾದ ಅಳಿಯ ಈ ಪ್ರಶ್ನೆಗಾಗಿ ಮದುವೆಯಾದಾಗಿನಿಂದ ಕಾದಿದ್ದ.

ಗ್ಲ್ಯಾಡ್‌ಸ್ಟನ್ ಅವೆನ್ಯೂ, 22ನೇ ನಂಬರಿನ ಮನೆ. ಆ ಸಾಲಿನ ಉಳಿದ ಮನೆಗಳ ಹಾಗೆಯೇ ಅದೂ ಒಂದು ಮನೆ, ಗೋಡೆಯ ಮೇಲೊಂದು ನೀಲಿ ಫಲಕ ಇರುವುದಷ್ಟೇ ಹೆಚ್ಚು. ಗಾಯಕ, ಗೀತರಚನೆಕಾರ ಫ್ರೆಡ್ಡಿ ಮರ್ಕ್ಯುರಿ, ಅಂದರೆ ಫ್ರೆಡ್ ಬುಲ್ಸಾರಾ, ಇಲ್ಲಿ ವಾಸವಾಗಿದ್ದರು ಎಂಬುದು ಅದರ ಒಕ್ಕಣೆ. 2016ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಹಾಕಿಸಿದ್ದು. ಒಳಗೆ ಯಾರೋ ಸಂಸಾರಸ್ಥರು ಇರುತ್ತಾರಾದ್ದರಿಂದ ಭಕ್ತರು ಬೀದಿಯಲ್ಲೇ ನಿಂತು ದರ್ಶನ ಮುಗಿಸಬೇಕು.

"ಬುಲ್ಸಾರಾ ಅಂದ್ರೆ ಪಾರ್ಸಿ ಹೆಸರಲ್ವೇ?" ಎಂದರು ಮಾವ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು, ಹೆಸರು ನೋಡಿ ಕುಲಗೋತ್ರ ಹೇಳಬಲ್ಲರು. ಅಳಿಯ ಕ್ವೀನ್ ಗಾಯಕನ ಸ್ಥಳಪುರಾಣ ಬಿಚ್ಚಿದ: ಜಾಂಜಿಬಾರಿನಲ್ಲಿ 1946ರಲ್ಲಿ ಹುಟ್ಟಿದ ಫರೂಖ್, ಪಂಚಗನಿಯ ಬೋರ್ಡಿಂಗ್ ಶಾಲೆ, ಅಲ್ಲಿ ಗೆಳೆಯರ ಜೊತೆ ಕಟ್ಟಿದ ಹೆಕ್ಟಿಕ್ಸ್ ಎಂಬ ಬ್ಯಾಂಡು, ಜಾಂಜಿಬಾರಿನ 1964ರ ಕ್ರಾಂತಿಗೆ ಹೆದರಿ ಫೆಲ್ಥಮ್‌ಗೆ ಓಡಿಬಂದ ಕುಟುಂಬ. ಮಾವ ಗೌರವಕ್ಕೆ ತಲೆಯಾಡಿಸುತ್ತಿದ್ದರು. ಫ್ರೆಡ್ಡಿಯ ತಂದೆ ಜಾಂಜಿಬಾರಿನಲ್ಲಿ ಸರ್ಕಾರಿ ಕ್ಯಾಶಿಯರ್ ಆಗಿದ್ದರು ಎಂಬ ಮಾತು ಬಂದದ್ದೇ ತಡ, ಬೆನ್ನು ನೆಟ್ಟಗಾಯಿತು.

"ಕ್ಯಾಶಿಯರ್ ಮಗನೇ! ಅದನ್ನ ಮೊದಲೇ ಹೇಳ್ಬಾರ್ದೇ?"

ಅಲ್ಲಿಂದ ಮುಂದೆ ಫ್ರೆಡ್ಡಿ ಅವರ ಪಾಲಿಗೆ "ನಮ್ಮ ಹುಡುಗ". ನಮ್ಮ ಹುಡುಗ ಹೀಥ್ರೂನಲ್ಲಿ ಸಾಮಾನು ಹೊರುವ ಕೆಲಸವನ್ನೂ ಮಾಡಿದ್ದನೆಂದು ತಿಳಿದಾಗ ತಲೆಯ ಮೇಲೆ ಹೋಗುತ್ತಿದ್ದ ವಿಮಾನವನ್ನು ಬೇರೆಯೇ ಕಣ್ಣಿನಿಂದ ನೋಡಿದರು.

ಕ್ವೀನ್‌ನ ಗಿಟಾರ್ ವಾದಕ ಬ್ರಯನ್ ಮೇ ಬೆಳೆದದ್ದೂ ಇದೇ ಫೆಲ್ಥಮ್‌ನಲ್ಲಿ, ಈ ಮನೆಗೆ ಕೂಗಳತೆಯಲ್ಲಿ. ಇಬ್ಬರೂ ಒಂದೇ ರಸ್ತೆ ತುಳಿದಿದ್ದರೂ ಪರಿಚಯವಾಗಲು ಈಲಿಂಗ್ ಕಲಾಶಾಲೆಯ ಒಬ್ಬ ಗೆಳೆಯ ಬೇಕಾಯಿತು. ಅಂಗಡಿಯ ಗಿಟಾರಿಗೆ ದುಡ್ಡು ಸಾಲದೆ, ಬ್ರಯನ್ ಮತ್ತು ಅವರ ಅಪ್ಪ ಸೇರಿ 1963ರಲ್ಲಿ ಮನೆಯಲ್ಲೇ ಗಿಟಾರು ಕೆತ್ತಲು ಕೂತರು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಮರ, ಸ್ಪ್ರಿಂಗಿಗೆ ಹಳೆಯ ಮೋಟರ್‌ಸೈಕಲ್ಲಿನ ಎಂಜಿನ್, ಚುಕ್ಕೆಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಗುಂಡಿ, ಸ್ವರ ನಡುಗಿಸುವ ಸರಳಿನ ತುದಿಗೆ ಹೆಣಿಗೆ ಕಡ್ಡಿ. ತಂತಿ ಮೀಟಲು ಆರು ಪೆನ್ಸಿನ ನಾಣ್ಯ. 2002ರಲ್ಲಿ ರಾಣಿಯ ಅರಮನೆಯ ತಾರಸಿ ಹತ್ತಿ ನುಡಿಸಿದ್ದೂ ಇದೇ ಗಿಟಾರನ್ನು. "ನಾಣ್ಯ ಕೆಲಸಕ್ಕೆ ಬಂತು ನೋಡಿ" ಎಂದರು ಮಾವ, ಉಳಿದದ್ದೆಲ್ಲ ಗೌಣವೆಂಬಂತೆ.

ಭಾನುವಾರ ಸಂಜೆ ಅಳಿಯನ ಇಬ್ಬರು ಗೆಳೆಯರು ಬಂದರು. ಒಬ್ಬ ಹೌನ್ಸ್‌ಲೋದವನು, ಇನ್ನೊಬ್ಬ ಸ್ಲೌನಿಂದ ಪುಳಿಯೋಗರೆ ಹೊತ್ತು ತಂದವನು. ಚರ್ಚೆಯ ವಿಷಯ ಕ್ವೀನ್‌ನ "ಹೊಸ ಆಲ್ಬಮ್". 2024ರ ಅಕ್ಟೋಬರಿನಲ್ಲಿ ಬಂದದ್ದು, ಹೆಸರು ಕ್ವೀನ್ ಒನ್. ಫ್ರೆಡ್ಡಿ ತೀರಿಕೊಂಡದ್ದು 1991ರಲ್ಲಿ ಎಂದು ಬೆಳಿಗ್ಗೆ ತಾನೇ ಕೇಳಿದ್ದ ಮಾವ ಲೆಕ್ಕ ತಾಳೆಯಾಗದೆ ಕಂಗಾಲಾದರು. ಅದು 1973ರ ಮೊದಲ ಆಲ್ಬಮ್ಮೇ ಎಂದೂ, ಆಗ ಕಾಸಿಲ್ಲದ ಹುಡುಗರು ಟ್ರೈಡೆಂಟ್ ಸ್ಟುಡಿಯೋ ಖಾಲಿಯಿದ್ದ ಹೊತ್ತಿನಲ್ಲಿ ನುಗ್ಗಿ ಧ್ವನಿಮುದ್ರಿಸಿದ್ದರಿಂದ ಡ್ರಮ್ಮಿನ ಸದ್ದು ಅವರಿಗೆ ಒಗ್ಗಿರಲಿಲ್ಲವೆಂದೂ, ಈಗ ಅದೇ ಧ್ವನಿಗಳನ್ನು ಬೇರೆ ಹದದಲ್ಲಿ ಬೆರೆಸಿ, ಆಗ ಕೈಬಿಟ್ಟಿದ್ದ ಒಂದು ಹಾಡನ್ನೂ ಸೇರಿಸಿದ್ದಾರೆಂದೂ ಅಳಿಯ ವಿವರಿಸಿದ.

"ಐವತ್ತೊಂದು ವರ್ಷದ ಸಾರು ಬಿಸಿ ಮಾಡಿ ಹೊಸದಾಗಿ ಒಗ್ಗರಣೆ ಹಾಕಿದ್ದಾರೆ ಅನ್ನಿ."

ಈ ಒಂದು ಮಾತಿಗೆ ಸಭೆ ಎರಡು ಹೋಳಾಯಿತು. ಸದ್ದು ಈಗ ಎದೆಗೆ ಬಂದು ಬಡಿಯುತ್ತದೆ ಎಂದ ಹೌನ್ಸ್‌ಲೋ. ಆ ಒಣ ಡ್ರಮ್ಮಿನಲ್ಲೇ ಜೀವ ಇದ್ದದ್ದು, ಈಗಿನದು ಸುಣ್ಣ ಬಳಿದ ದೇವಸ್ಥಾನ ಎಂದ ಸ್ಲೌ. ಬಾರಿಸಿದವರಿಗೇ ಹಿಡಿಸದ ಡ್ರಮ್ಮನ್ನು ಕೇಳುವವನು ಕಾಪಾಡಬೇಕೆನ್ನುವುದು ಅಭಿಮಾನಿಗಳಲ್ಲಿ ಮಾತ್ರ ಕಾಣುವ ಧರ್ಮಶ್ರದ್ಧೆ.

ಇದಕ್ಕೆ ಬ್ಯಾಂಡಿನವರೂ ಸ್ವಲ್ಪ ಹೊಣೆ. ಮೊದಮೊದಲ ಆಲ್ಬಮ್‌ಗಳ ರಟ್ಟಿನ ಮೇಲೆ, ಕೃತಕವಾಗಿ ಸದ್ದು ಹುಟ್ಟಿಸುವ ಸಿಂಥಸೈಸರ್ ಬಳಸಿಲ್ಲ ಎಂದು ಅಚ್ಚು ಹಾಕಿಸುತ್ತಿದ್ದರು. ಉಪ್ಪಿನಕಾಯಿ ಜಾಡಿಯ ಮೇಲಿನ "ಬಣ್ಣ ಬೆರೆಸಿಲ್ಲ" ಚೀಟಿಯಂತೆ. ಗಿಟಾರಿನಿಂದಲೇ ಅಷ್ಟೆಲ್ಲ ವಿಚಿತ್ರ ಸದ್ದು ಹೊರಡುತ್ತಿತ್ತಾದ್ದರಿಂದ ಚೀಟಿ ಬೇಕೂ ಆಗಿತ್ತು. 1980ರ ದಿ ಗೇಮ್ ಆಲ್ಬಮ್ಮಿನಲ್ಲಿ ಸಿಂಥಸೈಸರ್ ಒಳಗೆ ಬಂತು. ಎರಡು ವರ್ಷಕ್ಕೆ ಹಾಟ್ ಸ್ಪೇಸ್ ಆಲ್ಬಮ್ ಬಂದಾಗ ಡಿಸ್ಕೋ ತಾಳವೂ. ಮಡಿಯವರ ಮನೆಯಲ್ಲಿ ಮಗ ಮೊಟ್ಟೆ ತಿಂದು ಸಿಕ್ಕಿಬಿದ್ದಂತಾಯಿತು. ಸ್ಲೌ ಆಗ ಇನ್ನೂ ಹುಟ್ಟಿರಲಿಲ್ಲ, ಆದರೂ ಅದರ ನೋವಿನಿಂದ ಹೊರಬಂದಿಲ್ಲ.

ಮಾತು ವೇದಿಕೆಗೆ ಹೊರಳಿತು. 1985ರ ಜುಲೈ 13, ವೆಂಬ್ಲಿಯ ಲೈವ್ ಏಡ್ ಸಹಾಯಾರ್ಥ ಕಚೇರಿ, 72 ಸಾವಿರ ಜನ, ಕ್ವೀನ್‌ನ ಸುಮಾರು 21 ನಿಮಿಷದ ಪ್ರದರ್ಶನ. ಹಾಡು ಹಾಡಿಗೂ ಗಡಿಯಾರ ಹಿಡಿದು ಲೆಕ್ಕ ಒಪ್ಪಿಸಿದರು. 1975ರ ಬೊಹೀಮಿಯನ್ ರಾಪ್ಸೊಡಿಯ ನಡುವಿನ ಒಪೆರಾ ಭಾಗವನ್ನು ವೇದಿಕೆಯಲ್ಲಿ ಹೇಗೆ ಹಾಡುತ್ತಿದ್ದರು ಎಂದು ಮಾವ ಕೇಳಿದಾಗ ಮಾತ್ರ ಮೂವರೂ ಪುಳಿಯೋಗರೆಯ ಕಡೆ ನೋಡಿದರು. ಮೂರೇ ಕಂಠಗಳನ್ನು ಟೇಪಿನ ಮೇಲೆ ಪದರ ಪದರವಾಗಿ ಪೇರಿಸಿ ಮಾಡಿದ ಭಾಗ ಅದು. ಎದುರಿಗೆ ನಿಂತು ಹಾಡುವುದು ಆಗದ ಮಾತು. ಟೇಪು ಹಚ್ಚಿ ಬ್ಯಾಂಡು ಒಳಗೆ ಹೋಗುತ್ತಿತ್ತು, ರಾಕ್ ಭಾಗ ಬಂದಾಗ ಹೊರಗೆ ಬರುತ್ತಿತ್ತು.

"ಹರಿಕಥೆ ದಾಸರು ಕ್ಯಾಸೆಟ್ ಹಾಕಿ ಕಾಫಿಗೆ ಹೋದ ಹಾಗೆ."

"ಕದ್ದು ಮಾಡ್ತಿರ್ಲಿಲ್ಲ ಮಾವ. ಎಲ್ಲರಿಗೂ ಕಾಣೋ ಹಾಗೇ ಹೋಗ್ತಿದ್ರು."

"ಕಾಫಿಗೇ?"

ಮಾತು ಕನ್ನಡದ ಹಾಡಿಗೆ ತಿರುಗಿತು. ಮಾವನವರ ಸ್ವಂತ ದೇವರು ಗಾಯಕ ಸಿ. ಅಶ್ವಥ್. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ "ಕನ್ನಡವೇ ಸತ್ಯ" ಗಾಯನ ಕಾರ್ಯಕ್ರಮಕ್ಕೆ ಮೈಸೂರಿನಿಂದ ಬಸ್ಸು ಹತ್ತಿ ಹೋಗಿದ್ದರು. ಅದು ತಿಳಿದೂ ಅಳಿಯ ರಘು ದೀಕ್ಷಿತ್ ಹೆಸರೆತ್ತಿದ್ದು ತಪ್ಪಾಯಿತು. ಮೈಸೂರಿನಲ್ಲಿ ಬೆಳೆದವರು, ಶಿಶುನಾಳ ಶರೀಫರ ಪದಗಳನ್ನು 2008ರ ಮೊದಲ ಆಲ್ಬಮ್ಮಿನಲ್ಲಿ ಗಿಟಾರಿಗೆ ಕೂಡಿಸಿದವರು, 2011ರಲ್ಲಿ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಲುಂಗಿ ಉಟ್ಟು ಜನರನ್ನು ಕುಣಿಸಿದವರು ಎಂದೆಲ್ಲ ವಕಾಲತ್ತು ನಡೆಯಿತು. ಮಾವ ಕಣ್ಣು ಮುಚ್ಚಿ ಕೇಳಿ, "ಶರೀಫಜ್ಜನ್ನ ಅಶ್ವಥ್ ಹಾಡಿ ಆಯ್ತಲ್ಲ" ಎಂದರು. ಪುಳಿಯೋಗರೆಯ ಸ್ಲೌಗೆ ಆ ಕ್ಷಣ ತನ್ನ ಕಳೆದುಹೋದ ಅಣ್ಣ ಸಿಕ್ಕಂತಾಯಿತು.

ಗೆಳೆಯರು ಹೋದ ಮೇಲೆ ಮಾವ ಕಿವಿಗೆ ಹೆಡ್‌ಫೋನ್ ಕೇಳಿ ಪಡೆದರು. 1973ರ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ, ಮುಖ ಹಿಂಡಿಕೊಂಡೇ, ಕೇಳಿದರು. ಊಟ ಮುಗಿಸಿ 2024ರದ್ದಕ್ಕೆ ಕೂತರು. ರಾತ್ರಿಯ ಕೊನೆಯ ವಿಮಾನಗಳು ಇಳಿಯುವ ಹೊತ್ತಿಗೆ ಹೆಡ್‌ಫೋನ್ ತೆಗೆದು, ಒರೆಸಿ, ಅಳಿಯನ ಕೈಗಿತ್ತರು.

"ಚೆನ್ನಾಗಿದೆ. ಆದ್ರೆ ನಮ್ಮ ಹುಡುಗ ಮೊದಲು ಹಾಡಿದ್ದೇ ಚೆನ್ನಾಗಿತ್ತು ಬಿಡಿ. ಈಗಿನೋರಿಗೆ ಏನು ಗೊತ್ತಾಗುತ್ತೆ?"