ಪಕ್ಷ ಯಾವುದಾದರೇನು, ಕಸುಬು ಗಟ್ಟಿಯಿರಲಿ

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರನ್ನು ಕಂಡರೆ ಅಯ್ಯೋ ಅನಿಸುತ್ತದೆ. ವರ್ಷ ತಿರುಗಿದರೆ ಹೊಸದೊಂದು ಕೋರ್ಸು, ಹೊಸದೊಂದು ಸರ್ಟಿಫಿಕೇಟು. ಇಷ್ಟು ಕಲಿತರೂ ಕೆಲಸ ಹೋದೀತೆಂಬ ದಿಗಿಲು ಮಾತ್ರ ಬಿಡದು. ಎಷ್ಟು ಕಡೆ ಕೆಲಸ ಬದಲಿಸಿದರೂ ಬೆಲೆ ಇಳಿಯದ ವಿದ್ಯೆ ಬೇಕಿದ್ದರೆ ಹೋಗಬೇಕಾದ್ದು ವೈಟ್‌ಫೀಲ್ಡಿಗಲ್ಲ, ವಿಧಾನಸೌಧಕ್ಕೆ.

ಈ ವಿದ್ಯೆಯ ಆದಿಗುರು ಹರಿಯಾಣದ ಗಯಾ ಲಾಲ್. 1967ರಲ್ಲಿ ಪಕ್ಷೇತರರಾಗಿ ಗೆದ್ದು, ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿ ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತಿಗೆ ಕಾರಣರಾದರು. ಇದನ್ನು ತಡೆಯಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಒಬ್ಬ ಜಿಗಿದರೆ ದ್ರೋಹ. ಮೂರನೇ ಒಂದು ಭಾಗ ಒಟ್ಟಿಗೇ ಜಿಗಿದರೆ ಸಿದ್ಧಾಂತ. 2003ರಲ್ಲಿ ಆ ಕಿಂಡಿಯನ್ನೂ ಮುಚ್ಚಿ, ವಿಲೀನಕ್ಕೆ ಮೂರನೇ ಎರಡು ಭಾಗ ಬೇಕು ಎಂಬುದಷ್ಟನ್ನೇ ಉಳಿಸಿದರು.

ಆಗ ಕರ್ನಾಟಕ ತನ್ನ ಪ್ರತಿಭೆ ತೋರಿತು. ಕುರ್ಚಿಯಲ್ಲಿ ಕೂತು ಜಿಗಿದರೆ ತಾನೆ ಅನರ್ಹತೆ? ರಾಜೀನಾಮೆ ಬಿಸಾಕಿ, ಬೇರೆ ಚಿಹ್ನೆ ಹಿಡಿದು, ಮತ್ತೆ ಗೆದ್ದು ಬಂದರಾಯಿತು. 2008ರಲ್ಲಿ 110 ಸ್ಥಾನದಲ್ಲೇ ನಿಂತುಹೋದ ಬಿಜೆಪಿ ಬಹುಮತ ಗಟ್ಟಿಮಾಡಿಕೊಳ್ಳಲು ಹೂಡಿದ ಈ ಆಟಕ್ಕೆ ‘ಆಪರೇಷನ್ ಕಮಲ’ ಎಂದು ಹೆಸರಾಯಿತು. ಹಾಗಂತ ಪೇಟೆಂಟೇನೂ ಇರಲಿಲ್ಲ. 2016ರ ರಾಜ್ಯಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಬಂಡಾಯ ಶಾಸಕರ ಅಡ್ಡಮತ ಬಿದ್ದದ್ದು ‘ಕೈ’ಗೆ. 2018ರ ಹೊತ್ತಿಗೆ ಅವರಲ್ಲಿ ಏಳು ಮಂದಿ ಕಾಂಗ್ರೆಸ್ಸಿನವರೇ ಆದರು.

ಕಲೆ ಶಿಖರ ಮುಟ್ಟಿದ್ದು 2019ರಲ್ಲಿ. ರಾಜೀನಾಮೆಗಳು ಬೆಂಗಳೂರಿನಲ್ಲಿ, ರಾಜೀನಾಮೆ ಕೊಟ್ಟವರು ಮುಂಬೈನ ಹೋಟೆಲಿನಲ್ಲಿ. ಜುಲೈ 23ರಂದು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ 99–105ರಲ್ಲಿ ಬಿತ್ತು. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಕಮಲದ ಗುರುತಿನಡಿ ನಿಂತ 13 ಅನರ್ಹರಲ್ಲಿ 11 ಮಂದಿ ಗೆದ್ದರು. ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಜುಲೈನಲ್ಲಿ ಡಿಸ್‌ಮಿಸ್, ಫೆಬ್ರವರಿಯಲ್ಲಿ ಬಡ್ತಿ: ಯಾವ ಕಂಪನಿಯ ಎಚ್‌ಆರ್ ಇಷ್ಟು ದೊಡ್ಡ ಮನಸ್ಸು ಮಾಡೀತು?

ಬಿಟ್ಟ ಕಂಪನಿಗೇ ಮರಳುವ ಸೌಲಭ್ಯವೂ ಇಲ್ಲುಂಟು. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. ವಿಧಾನಸಭೆಗೆ ನಿಂತು ಸೋತು ವಿಧಾನ ಪರಿಷತ್ತಿಗೆ ಹೋದರು. 2024ರ ಜನವರಿಯಲ್ಲಿ ಬಿಜೆಪಿಗೆ ವಾಪಸಾಗಿ, ಜೂನ್‌ನಲ್ಲಿ ಬೆಳಗಾವಿಯ ಸಂಸದರಾದರು. ಸರ್ವಿಸ್ ಬ್ರೇಕ್ ಇಲ್ಲ.

ಹಾಗಾದರೆ ಆ ವಿದ್ಯೆ ಯಾವುದು? ಭಾಷಣವಲ್ಲ, ಸಿದ್ಧಾಂತವಂತೂ ಅಲ್ಲವೇ ಅಲ್ಲ. ಮದುವೆಗೆ ಮುಯ್ಯಿ, ತಿಥಿಗೆ ಹಾಜರಿ, ಊರದೇವರ ಗುಡಿಗೆ ಸಿಮೆಂಟು, ಆಸ್ಪತ್ರೆಯ ಬಿಲ್ಲಿಗೊಂದು ಫೋನು, ಮೇಷ್ಟ್ರ ವರ್ಗಾವಣೆಗೊಂದು ಪತ್ರ, ಯಾವ ಕೇರಿಯಲ್ಲಿ ಯಾವ ಜಾತಿಯ ಎಷ್ಟು ವೋಟು ಎಂಬ ಬಾಯಿಪಾಠ. ಇಷ್ಟಿದ್ದವನಿಗೆ ಪಕ್ಷವೆಂಬುದು ಬಾಡಿಗೆ ಮನೆ. ‘ಕ್ಷೇತ್ರದ ಅಭಿವೃದ್ಧಿಗಾಗಿ ಬಂದೆ’ ಎಂಬ ಒಂದೇ ವಾಕ್ಯ ಎಲ್ಲ ಮನೆಗೂ ಬೀಗದ ಕೈ. ಇದರ ಪರೀಕ್ಷಕರೂ ನಾವೇ. ‘ಯಾವ್ ಪಕ್ಷ ಆದ್ರೇನು, ನಮ್ ಸಾಹೇಬ್ರು ಕರೆದ್ರೆ ಬರ್ತಾರಲ್ಲ’ ಎಂದು ರ‍್ಯಾಂಕು ಕೊಟ್ಟು, ಸಂಜೆ ಚಹಾದಂಗಡಿಯಲ್ಲಿ ಪಕ್ಷಾಂತರಿಗಳಿಗೆ ಬೈಯುವವರೂ ನಾವೇ.

ಕೆಲಸಕ್ಕೆ ಬಾರದ ವಿದ್ಯೆ ಕಲಿತವನೆಂದರೆ ಕಾರ್ಯಕರ್ತ ಒಬ್ಬನೇ. ಯೌವನವಿಡೀ ಬಂಟಿಂಗ್ಸ್ ಕಟ್ಟಿ, ಎದುರು ಪಕ್ಷದ ಅಣ್ಣನಿಗೆ ಧಿಕ್ಕಾರ ಕೂಗಿ, ಮೈಮೇಲೆ ಎರಡು ಕೇಸು ಹಾಕಿಸಿಕೊಂಡಿರುತ್ತಾನೆ. ಒಂದು ಬೆಳಗ್ಗೆ ಅದೇ ಅಣ್ಣ ಇವನದೇ ಪಕ್ಷದ ಅಭ್ಯರ್ಥಿಯಾಗಿ ಬಂದು, ‘ಏನಪ್ಪಾ, ಚೆನ್ನಾಗಿದ್ದೀಯಾ?’ ಎಂದು ಹೆಗಲ ಮೇಲೆ ಕೈಯಿಡುತ್ತಾನೆ. ನಿಷ್ಠೆಗೆ ಮಾರುಕಟ್ಟೆ ಇಲ್ಲವೆಂಬುದು ಇವನಿಗೆ ತಿಳಿಯುವುದು ಆಗಲೇ. ಆದರೂ ಕೇಸುಗಳು ಇವನ ಹೆಸರಿನಲ್ಲೇ ಉಳಿಯುತ್ತವೆ. ಅವು ಪಕ್ಷಾಂತರ ಮಾಡುವುದಿಲ್ಲ.