‘ಓಡ್ತಿದೆ, ಮುಟ್ಬೇಡಿ’: ಒಂದು ಮಹಾವಾಕ್ಯದ ಪದವಿಚಾರ, ಅರ್ಥವಿಚಾರ ಮತ್ತು ನಷ್ಟವಿಚಾರ

ಉಪನಿಷತ್ತುಗಳಲ್ಲಿ ಮಹಾವಾಕ್ಯಗಳು ನಾಲ್ಕು. ಐದನೆಯದು ಸಾಫ್ಟ್‌ವೇರ್ ಕಚೇರಿಗಳಲ್ಲಿ ದೊರೆತಿದೆ: ‘ಓಡ್ತಿದೆ, ಮುಟ್ಬೇಡಿ’. ಇದರ ಕರ್ತೃ ಅಜ್ಞಾತ, ಕಾಲ ಅನಿಶ್ಚಿತ. ಪಾಠಾಂತರಗಳು ಎರಡು. ‘ಓಡ್ತಿದೆಯಲ್ಲ, ಯಾಕ್ರೀ ಮುಟ್ತೀರಾ?’ ಎಂಬುದು ಮ್ಯಾನೇಜರ್ ಶಾಖೆಯ ಪಾಠ. ‘ನಾನಂತೂ ಮುಟ್ಟಿಲ್ಲಪ್ಪ’ ಎಂಬುದು ಶುಕ್ರವಾರ ಸಂಜೆ, ಎಲ್ಲ ನಿಂತುಹೋದ ಮೇಲೆ ಮಾತ್ರ ಕೇಳಿಬರುವ ಪಾಠ. ಎರಡೂ ಎಲ್ಲೂ ಬರೆದಿಟ್ಟದ್ದಲ್ಲ, ಗುರುಮುಖೇನ ಬಂದವು. ಕೆಲಸಕ್ಕೆ ಸೇರಿದ ಮೊದಲ ವಾರ ಹಿರಿಯರೊಬ್ಬರು ಕ್ಯಾಂಟೀನಿಗೆ ಕರೆದೊಯ್ದು, ಕಾಫಿ ಕೊಡಿಸಿ, ಆಚೀಚೆ ನೋಡಿ ಉಪದೇಶಿಸುತ್ತಾರೆ.

ಮೊದಲು ಪದವಿಚಾರ. ‘ಓಡ್ತಿದೆ’ ಎಂಬುದು ವರ್ತಮಾನಕಾಲ, ನಪುಂಸಕಲಿಂಗ, ಏಕವಚನ. ಕರ್ತೃಪದ ಲೋಪವಾಗಿದೆ. ಏನು ಓಡುತ್ತಿದೆ ಎಂದು ಕೇಳಿದವರಿಗೆ ಉತ್ತರ ಸಿಕ್ಕಿದ ನಿದರ್ಶನವಿಲ್ಲ. ಎಲ್ಲಿಗೆ ಓಡುತ್ತಿದೆ ಎಂದು ಕೇಳುವುದಂತೂ ಶಿಷ್ಟಾಚಾರವಲ್ಲ. ‘ಮುಟ್ಬೇಡಿ’ ಎಂಬ ನಿಷೇಧದಲ್ಲಿರುವ ಬಹುವಚನ ಗೌರವಕ್ಕೋ ಸಂಖ್ಯೆಗೋ ಎಂಬ ಪ್ರಶ್ನೆಯುಂಟು. ಇನ್ನೂ ಹುಟ್ಟದ, ಮುಂದೆಂದೋ ಕೆಲಸಕ್ಕೆ ಸೇರಬಹುದಾದ ಇಂಜಿನಿಯರುಗಳಿಗೂ ಆಜ್ಞೆ ಅನ್ವಯಿಸುವುದರಿಂದ ಸಂಖ್ಯೆಗೇ ಎಂದು ನನ್ನ ಮತ. ನಿಜವಾದ ಗಂಡಾಂತರವಿರುವುದು ನಡುವಿನ ಅಲ್ಪವಿರಾಮದಲ್ಲಿ. ಅಲ್ಲಿ ‘ಆದ್ದರಿಂದ’ ಅಡಗಿದೆ ಎನ್ನುತ್ತಾರೆ ಕೆಲವರು. ‘ಮುಟ್ಟದೆ ಬಿಟ್ಟದ್ದರಿಂದಲೇ ಓಡ್ತಿದೆ’ ಎಂದು ತಿರುವಿ ಅನ್ವಯಿಸುವವರು ಹಲವರು. ಕೋಟ್ಯಂತರ ಹಣ ಜಾರಿ ಬಿದ್ದಿರುವುದು ಈ ಸಂದಿಯಲ್ಲೇ.

(ಕೋಡಿನ ನಡುವೆ ‘ಟುಡೂ: ಮುಂದೆ ಸರಿಪಡಿಸುವುದು’ ಎಂದು ಬರೆದಿಡುವ ಸಾಲು ನೋಡಲು ಭವಿಷ್ಯತ್ಕಾಲ, ಪ್ರಯೋಗದಲ್ಲಿ ಅದು ಸಂಭಾವನಾರ್ಥಕ. ‘ಸರಿಪಡಿಸಿಯಾರು’ ಎಂದಷ್ಟೇ ಅದರ ಅರ್ಥ. ಕೇಶಿರಾಜನ ಕೈಗೆ ಇಂಥ ಉದಾಹರಣೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.)

ಮಹಾವಾಕ್ಯಕ್ಕೆ ಅತ್ಯಂತ ಗಟ್ಟಿಯಾದ ಆಧಾರ ದೊರೆತಿರುವುದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ, ಕುರೂ ಎಂಬಲ್ಲಿ. 1996ರ ಜೂನ್ 4ರಂದು ಅಲ್ಲಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. ಸುಮಾರು 40 ಸೆಕೆಂಡಿನಲ್ಲಿ, 3,700 ಮೀಟರ್ ಎತ್ತರದ ಆಸುಪಾಸಿನಲ್ಲಿ, ದಾರಿ ತಪ್ಪಿ ಚೂರಾಯಿತು. ಜೊತೆಗೆ ಹೊತ್ತೊಯ್ಯುತ್ತಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ಸುಮಾರು 37 ಕೋಟಿ ಡಾಲರ್ ಎಂಬುದು ವಾಡಿಕೆಯ ಲೆಕ್ಕ.

ತಾನು ಎತ್ತ ಮುಖ ಮಾಡಿದ್ದೇನೆಂದು ತಿಳಿಯಲು ರಾಕೆಟ್ ಒಂದು ದಿಕ್ಸೂಚಿ ಘಟಕವನ್ನು ನಂಬಿರುತ್ತದೆ. ಅದರ ತಂತ್ರಾಂಶ ಏರಿಯಾನ್ 4ರಿಂದ ಬಂದ ಪಿತ್ರಾರ್ಜಿತ ಆಸ್ತಿ. ಚೆನ್ನಾಗಿ ಓಡುತ್ತಿತ್ತು. ಅದರಲ್ಲೊಂದು ಲೆಕ್ಕವಿತ್ತು: ಹಾರುವ ಮುನ್ನ ಘಟಕವನ್ನು ನೆಲಕ್ಕೆ ಸರಿಹೊಂದಿಸುವುದು. ನೆಲ ಬಿಟ್ಟ ಮೇಲೆ ಅದಕ್ಕೆ ಅರ್ಥವೇ ಇಲ್ಲ. ಆದರೂ ಏರಿಯಾನ್ 4ರ ಕಾಲದಲ್ಲಿ, ಕೊನೇ ಕ್ಷಣದಲ್ಲಿ ಎಣಿಕೆ ನಿಂತುಬಿಟ್ಟರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡುವ ಗೋಳು ಬೇಡವೆಂದು, ಹಾರಿದ ಮೇಲೂ ಸುಮಾರು 40 ಸೆಕೆಂಡ್ ಓಡಲಿ ಎಂದು ಬಿಟ್ಟಿದ್ದರು. ಆ ಅನುಕೂಲ ಒದಗಿಬಂದದ್ದು 1989ರಲ್ಲಿ, ಒಂದೇ ಒಂದು ಸಲ. ಏರಿಯಾನ್ 5ರ ಸಿದ್ಧತೆಯ ಕ್ರಮ ಬೇರೆ. ಅದಕ್ಕೆ ಈ ಲೆಕ್ಕ ಬೇಕೇ ಇರಲಿಲ್ಲ. ಮದುವೆ ಮುಗಿದು ಛತ್ರ ಖಾಲಿಯಾಗಿದ್ದರೂ ಓಲಗದವನು ಊದುತ್ತಲೇ ಇದ್ದ.

ಹೊಸ ರಾಕೆಟ್ಟು ಅಡ್ಡದಿಕ್ಕಿನ ವೇಗವನ್ನು ಹಳೆಯದಕ್ಕಿಂತ ಐದು ಪಟ್ಟು ಬೇಗ ಗಳಿಸಿಕೊಳ್ಳುವಂಥದ್ದು. ಆ ವೇಗದಿಂದ ಬಂದ 64 ಬಿಟ್‌ಗಳ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ತುರುಕಬೇಕಿತ್ತು. ಅದರಲ್ಲಿ ಹಿಡಿಯುವುದು 32,767ರವರೆಗೆ ಮಾತ್ರ. ಪಾವಿಗೆ ಪಲ್ಲ ಸುರಿದರೆ ಏನಾಗುತ್ತದೆಯೋ ಅದೇ ಆಯಿತು. ಹೀಗೆ ಉಕ್ಕಬಹುದಾದ ಏಳು ಸಂಖ್ಯೆಗಳನ್ನು ಮೊದಲೇ ಗುರುತಿಸಿ, ನಾಲ್ಕಕ್ಕೆ ಕಾವಲು ಹಾಕಿ, ಮೂರನ್ನು ಬಿಟ್ಟಿದ್ದರು. ಮರೆತು ಬಿಟ್ಟದ್ದಲ್ಲ, ಕೂತು ಚರ್ಚಿಸಿ ಬಿಟ್ಟದ್ದು. ಕಂಪ್ಯೂಟರಿನ ಹೊರೆ ಶೇ. 80 ದಾಟಬಾರದೆಂಬ ಮಿತಿಯಿತ್ತು. ಏರಿಯಾನ್ 4ರ ಮಟ್ಟಿಗೆ ಅದು ಒಳ್ಳೆಯ ತೀರ್ಮಾನವೇ. ದುಬಾರಿ ತೀರ್ಮಾನಗಳನ್ನು ಅವಿವೇಕಿಗಳು ಮಾಡುತ್ತಾರೆ ಎಂಬ ಜನಪದ ನಂಬಿಕೆಗೆ ಇಲ್ಲಿ ಪುಷ್ಟಿ ಸಿಗುವುದಿಲ್ಲ.

ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಘಟಕಗಳು ಎರಡಿದ್ದವು. ಎರಡರಲ್ಲೂ ಅದೇ ತಂತ್ರಾಂಶ. ಮೀಸಲು ಘಟಕ 72 ಮಿಲಿಸೆಕೆಂಡ್ ಮೊದಲೇ, ಅದೇ ಕಾಯಿಲೆಯಿಂದ ಕಣ್ಣುಮುಚ್ಚಿತ್ತು. ಎರಡನೆಯದು ಹೋಗುವ ಮುನ್ನ ತನ್ನ ಕಾಯಿಲೆಯ ವಿವರವನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿತು. ಆ ಪುಣ್ಯಾತ್ಮ ಡಾಕ್ಟರ ಚೀಟಿಯನ್ನೇ ದಾರಿಯ ವಿವರವೆಂದು ಓದಿಕೊಂಡು ಎಂಜಿನ್ನಿನ ನಳಿಗೆಗಳನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದ.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿ ಮರುತಿಂಗಳೇ ವರದಿ ಕೊಟ್ಟಿತು. ಬೇಡದ ಲೆಕ್ಕವನ್ನು ಯಾಕೆ ಉಳಿಸಿಕೊಂಡಿರಬಹುದೆಂದು ಅದು ಊಹಿಸುವ ಕಾರಣ ಗಮನಾರ್ಹ: ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದದ್ದನ್ನು ಅನಿವಾರ್ಯವಾಗದೆ ಬದಲಿಸುವುದು ಜಾಣತನವಲ್ಲವೆಂಬ ಭಾವನೆ. ಅಂದರೆ ಯುರೋಪಿನ ವಿದ್ವಾಂಸರು ಕನ್ನಡ ಬಾರದೆಯೇ, ಸ್ವತಂತ್ರವಾಗಿ, ನಮ್ಮ ಮಹಾವಾಕ್ಯವನ್ನು ತಲುಪಿದ್ದಾರೆ! ಕರ್ತೃಪದದ ಲೋಪ ಈಗ ವಿವರಣೆಗೆ ಸಿಗುತ್ತದೆ. ಓಡುತ್ತಿದ್ದದ್ದು ಕೋಡು ಒಂದೇ ಅಲ್ಲ. ಆ ಕೋಡು ಆ ರಾಕೆಟ್ಟಿನೊಳಗೆ ಓಡುತ್ತಿತ್ತು. ರಾಕೆಟ್ ಬದಲಾದ ದಿನವೇ, ಯಾರ ಕೈಯೂ ಸೋಕದೆ, ಕೋಡನ್ನು ಮುಟ್ಟಿಯಾಗಿತ್ತು. ಇದರಿಂದ, ಹಿಟ್ಟು ಇಡೀ ರಾತ್ರಿ ಹುದುಗದಿದ್ದರೆ ದೋಸೆಗೆ ಕಣ್ಣು ಬೀಳುವುದಿಲ್ಲವೆಂದು ಸಿದ್ಧವಾಯಿತು.

ನಮ್ಮ ಕಡೆಗೂ ಇದರ ನಂಟುಂಟು. 2000ದ ಮಾರ್ಚ್‌ನಲ್ಲಿ ನಮ್ಮ ಇನ್ಸಾಟ್-3ಬಿ ಹೋದದ್ದು ಕುರೂನಿಂದಲೇ, ಏರಿಯಾನ್ 5ರಲ್ಲೇ. ಹಾಸನದ ನಿಯಂತ್ರಣ ಕೇಂದ್ರದವರಿಗೆ ಆ ದಿನದ ಮೊದಲ 40 ಸೆಕೆಂಡ್ ಎಷ್ಟು ಉದ್ದವಾಗಿದ್ದಿರಬಹುದೆಂಬುದು ಯಾರಾದರೂ ಪಿಎಚ್.ಡಿ. ಮಾಡಬಹುದಾದ ವಿಷಯ.

ಇದಕ್ಕೆ ಪೂರ್ವಪಕ್ಷ: ‘ಹಾಗಾದರೆ ಮುಟ್ಟಿದವರು ಉದ್ಧಾರವಾದರೋ?’ ಆಗಲಿಲ್ಲ. ಅಮೆರಿಕದ ಷೇರು ವಹಿವಾಟಿನ ಸಂಸ್ಥೆ ನೈಟ್ ಕ್ಯಾಪಿಟಲ್ 2012ರಲ್ಲಿ ಎಂಟು ಸರ್ವರ್‌ಗಳಿಗೆ ಹೊಸ ಕೋಡು ಹಾಕಬೇಕಿತ್ತು. ಏಳಕ್ಕೆ ಹಾಕಿ ಒಂದನ್ನು ಬಿಟ್ಟರು. ಹೊಸದನ್ನು ಚಾಲೂ ಮಾಡಲು ಹಳೆಯ ಒಂದು ಗುರುತನ್ನೇ ಮರುಬಳಸಿದ್ದರು. ಆ ಗುರುತು ಹಿಂದೆ ‘ಪವರ್ ಪೆಗ್’ ಎಂಬ ಕೋಡನ್ನು ಎಬ್ಬಿಸುತ್ತಿದ್ದದ್ದು. ಅದರ ಬಳಕೆಯನ್ನು 2003ರಲ್ಲೇ ನಿಲ್ಲಿಸಿದ್ದರು, ಅಳಿಸಿರಲಿಲ್ಲ. 2005ರಲ್ಲಿ, ಆರ್ಡರ್ ಪೂರೈಸಿತೇ ಎಂದು ಎಣಿಸುವ ಭಾಗವನ್ನು ಬೇರೆ ಕಡೆಗೆ ಸಾಗಿಸಿದ್ದರಿಂದ ಅದಕ್ಕೆ ‘ಸಾಕು’ ಎನ್ನುವವರೂ ಉಳಿದಿರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಎಂಟನೆಯ ಸರ್ವರಿನಲ್ಲಿ ಕುಂಭಕರ್ಣ ಎದ್ದು ಊಟಕ್ಕೆ ಕೂತ. ಸುಮಾರು 45 ನಿಮಿಷದಲ್ಲಿ 40 ಲಕ್ಷ ವಹಿವಾಟು, 46 ಕೋಟಿ ಡಾಲರ್ ಮೀರಿದ ನಷ್ಟ. ಪೇಟೆ ತೆರೆಯುವ ಮುನ್ನವೇ ಯಂತ್ರ ತಾನಾಗಿ 97 ಇಮೇಲ್ ಬರೆದು ಪವರ್ ಪೆಗ್ ಹೆಸರು ಹೇಳಿತ್ತು; ಅವನ್ನು ಎಚ್ಚರಿಕೆಯೆಂದು ಯಾರೂ ಬಗೆಯಲಿಲ್ಲ. ಕೊನೆಗೆ ಗಾಬರಿಯಲ್ಲಿ, ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ಕಿತ್ತರು. ಈಗ ಎಂಟು ಕುಂಭಕರ್ಣರು, ಎಂಟು ಎಲೆ.

ಮುಟ್ಟಿದ್ದು ದೋಷವೋ, ಒಂಬತ್ತು ವರ್ಷ ಮುಟ್ಟದೆ ಬಿಟ್ಟದ್ದು ದೋಷವೋ? ಪಂಡಿತರು ಇನ್ನೂ ಕಾದಾಡಲಿ. ‘ಎಲ್ಲ ಕೆಡವಿ ಹೊಸದಾಗಿ ಕಟ್ಟೋಣ’ ಎಂಬ ಮೂರನೆಯ ಮತವೂ ಉಂಟು. 1997ರಲ್ಲಿ ತನ್ನ ವೆಬ್ ಬ್ರೌಸರಿನ 4ನೆಯ ಆವೃತ್ತಿ ಕೊಟ್ಟ ನೆಟ್‌ಸ್ಕೇಪ್, ಹಳೆಯ ಕೋಡನ್ನು ಬದಿಗಿಟ್ಟು ಹೊಸದನ್ನು ಕಟ್ಟಿ, 2000ದ ನವೆಂಬರಿನಲ್ಲಿ 6ನೆಯದನ್ನು ತಂದಿತು. 5 ಬರಲೇ ಇಲ್ಲ. ಆ ಮತ ಈ ಪ್ರಬಂಧದ ವ್ಯಾಪ್ತಿಗೂ ಬರುವುದಿಲ್ಲ.

ಇನ್ನು ಕ್ಷೇತ್ರಕಾರ್ಯ. ಹೆಸರು ಹೇಳಬಾರದ ಒಂದು ಸಂಸ್ಥೆಯಲ್ಲಿ ಸಂಬಳದ ಲೆಕ್ಕದ ತಂತ್ರಾಂಶವನ್ನು ನಾನು ಕೆಲವು ವರ್ಷ ಕಾದಿದ್ದೇನೆ. ಅದರಲ್ಲಿ ಒಂದು ಸಾಲು: ಏನೂ ಮಾಡದೆ ಐದು ಸೆಕೆಂಡ್ ಸುಮ್ಮನಿರುವುದು. ಪಕ್ಕದಲ್ಲಿ ಟಿಪ್ಪಣಿ, ‘ತೆಗೆಯಬೇಡಿ. ಒಮ್ಮೆ ತೆಗೆದಿದ್ದೆವು.’ ಅಷ್ಟೇ, ಏನಾಯಿತೆಂದು ಬರೆದಿರಲಿಲ್ಲ. ಬರೆದವರು ಕೆಲಸ ಬಿಟ್ಟು ಸಕಲೇಶಪುರದ ಕಡೆ ಹೋಂಸ್ಟೇ ನಡೆಸುತ್ತಿದ್ದಾರೆಂದು ತಿಳಿದು ಫೋನ್ ಮಾಡಿದೆ. ‘ಅಯ್ಯೋ, ಅದಿನ್ನೂ ಇದೆಯೇನ್ರಿ?’ ಎಂದರು, ಊರಿನ ಮುದಿ ನಾಯಿಯನ್ನು ವಿಚಾರಿಸುವಂತೆ. ‘ನಂಗೂ ಹಿಂದಿನವರು ಹೇಳಿಹೋಗಿದ್ದು. ಮಳೆಗಾಲದಲ್ಲಿ ರೂಮ್ ಬೇಕಾದ್ರೆ ಹೇಳಿ.’ ಆ ಸಂಸ್ಥೆಯಲ್ಲಿ ಪ್ರತಿ ನಷ್ಟದ ನಂತರವೂ ‘ಕಲಿತ ಪಾಠಗಳು’ ಎಂಬ ದಾಖಲೆ ತಯಾರಾಗುತ್ತಿತ್ತು. ಹಿಂದಿನ ನಷ್ಟದ ದಾಖಲೆಯನ್ನು ತೆರೆದು, ದಿನಾಂಕ ಬದಲಿಸಿ, ಹೊಸ ಹೆಸರಿನಲ್ಲಿ ಉಳಿಸುವುದು ಪದ್ಧತಿ.

ಪ್ರಸ್ತುತ ಪ್ರಬಂಧವನ್ನು ಮಾರ್ಗದರ್ಶಕರಿಗೆ ಒಪ್ಪಿಸಿದಾಗ ಅವರು ಪೂರ್ತಿ ಓದಿ, ಕನ್ನಡಕ ಹಣೆಗೇರಿಸಿ, ‘ನಡುವೆ ದೋಸೆ ಯಾಕಯ್ಯ ಬಂತು?’ ಎಂದರು. ಹೋದ ವರ್ಷ ‘ಬಸವನಗುಡಿಯ ದೋಸೆ: ಒಂದು ರಂಧ್ರಮೀಮಾಂಸೆ’ ಬರೆದ ಫೈಲಿನ ಮೇಲೆಯೇ ಇದನ್ನೂ ಬರೆದೆನೆಂದೂ, ಆ ವಾಕ್ಯ ಅಳಿಸಿದರೆ ಮುಂದಿನ ಪುಟಗಳೆಲ್ಲ ಅಲುಗಾಡುತ್ತವೆಂದೂ ನಿವೇದಿಸಿದೆ.

‘ಪುಟಸಂಖ್ಯೆ ಸರಿಯಾಗಿ ಬರ್ತಿದೆ ತಾನೆ?’

‘ಬರ್ತಿದೆ ಸಾರ್.’

ಅವರು ಸಹಿ ಹಾಕಿದರು.